ಪ್ರೀ-ಆರ್ಡರ್: ಮುಂಗಡ ಕೊಟ್ಟವರಿಗೆ ಸಿಗುವುದೇನು?

ವಸ್ತು ಮಾರಾಟಕ್ಕೆ ಬರುವ ಮೊದಲೇ ಅದನ್ನು ಕಾಯ್ದಿರಿಸುವ ಪ್ರೀ-ಆರ್ಡರ್ ಬಟನ್ ಎಲ್ಲ ಕಡೆಯೂ ಒಂದೇ ಥರ ಕಾಣುತ್ತದೆ. ಒತ್ತಿದ ಮೇಲೆ ಆಗುವುದು ಮಾತ್ರ ಒಂದೊಂದು ಕಡೆ ಒಂದೊಂದು. ಹಾಗಾಗಿ "ಮಾಡಬಹುದೋ, ಬಾರದೋ" ಎಂದು ಕೇಳುವ ಮೊದಲು, ಆ ಬಟನ್ ಹಿಂದೆ ಯಾವ ಕರಾರು ಕೂತಿದೆ ಅಂತ ನೋಡಿಬಿಡೋಣ.

ಒಂದು ಬಗೆಯಲ್ಲಿ, ವಸ್ತು ಗೋದಾಮಿನಿಂದ ಹೊರಟ ದಿನವಷ್ಟೇ ಕಾರ್ಡಿನಿಂದ ಹಣ ಹೋಗುತ್ತದೆ. ಅಲ್ಲಿಯವರೆಗೆ ನೀವು ಕೊಟ್ಟಿರುವುದು ಹೆಸರು, ವಿಳಾಸ ಮತ್ತು ಒಂದು ಇರಾದೆ. ಇನ್ನೊಂದರಲ್ಲಿ, ಪೂರ್ತಿ ಹಣ ಇವತ್ತೇ ಕೊಟ್ಟು ವಸ್ತುವಿಗೆ ತಿಂಗಳುಗಟ್ಟಲೆ ಕಾಯುತ್ತೀರಿ. ಮೂರನೆಯದು ಠೇವಣಿ: ಸ್ವಲ್ಪ ಹಣ ಈಗ, ಉಳಿದದ್ದು ನಿಮ್ಮ ಸರದಿ ಬಂದಾಗ. ವಾಹನಗಳಲ್ಲಿ ಇದೇ ರೂಢಿ. ಇವುಗಳ ಜೊತೆಗೆ ಪ್ರೀ-ಆರ್ಡರ್ ವೇಷದಲ್ಲಿ ಓಡಾಡುವ ಕ್ರೌಡ್‌ಫಂಡಿಂಗ್, ಅಂದರೆ ಒಂದು ಯೋಜನೆಗೆ ನೂರಾರು ಜನರಿಂದ ಹಣ ಕೂಡಿಸುವುದು, ಇದೆ. ಅದು ಆರ್ಡರ್ರೇ ಅಲ್ಲ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಎಲ್ಲದರಲ್ಲೂ ಇರುವ ಒಂದು ಅಂಶ ಗಮನಿಸಿ. ಬಿಡುಗಡೆಗೆ ಮೊದಲು ಕೊಳ್ಳಲು ವಸ್ತುವೇ ಇಲ್ಲ. ನೀವು ಪಡೆಯುವುದು ಸರದಿಯಲ್ಲಿ ಒಂದು ಜಾಗ, ಸೀಟಿಗೆ ಟವೆಲ್ ಹಾಕಿದಂತೆ. ಟವೆಲ್ ಎತ್ತಿಕೊಂಡು ಪುಕ್ಕಟೆ ಎದ್ದು ಬರಬಹುದಾದರೆ ಆ ಜಾಗಕ್ಕೆ ಬೆಲೆ ಇದೆ. ಎದ್ದು ಬರಲು ದಂಡ ಕಟ್ಟಬೇಕು, ಅಥವಾ ಬರಲು ಬಿಡುವುದೇ ಇಲ್ಲ ಎಂದಾದರೆ, ಕಾಣದ ವಸ್ತುವಿಗೆ ಬೇಷರತ್ತಾಗಿ ಒಪ್ಪಿಗೆ ಕೊಟ್ಟಂತಾಯಿತು. ನನ್ನ ಮಟ್ಟಿಗೆ ಪ್ರೀ-ಆರ್ಡರ್‌ನ ಲಾಭ-ನಷ್ಟವೆಲ್ಲ ರದ್ದತಿಯ ಷರತ್ತಿನಲ್ಲೇ ಇದೆ. ಬೋನಸ್ಸು, ಬಣ್ಣ, ಉಚಿತ ಕವರ್ರು ಇವೆಲ್ಲ ಆ ಷರತ್ತಿನಿಂದ ಕಣ್ಣು ಸರಿಸಲು ಇಟ್ಟವು.

ಮಾರುವವರಿಗೆ ಇದು ಯಾಕೆ ಬೇಕು? ಇದರಲ್ಲಿ ಕುತಂತ್ರವೇನೂ ಇಲ್ಲ, ಲೆಕ್ಕವಿದೆ. ಎಷ್ಟು ತಯಾರಿಸಬೇಕು, ಯಾವ ಬಣ್ಣ ಹೆಚ್ಚು ಬೇಕು, ಯಾವ ದೇಶಕ್ಕೆ ಎಷ್ಟು ಪೆಟ್ಟಿಗೆ ಹಡಗು ಹತ್ತಿಸಬೇಕು ಎಂಬುದು ಮುಂಗಡ ಬುಕಿಂಗಿನಿಂದ ಗೊತ್ತಾಗುತ್ತದೆ. ತಯಾರಿಕೆಗೆ ಕೈಯಲ್ಲಿ ಹಣ ಬರುತ್ತದೆ, ಅದೂ ಬಡ್ಡಿಯಿಲ್ಲದೆ. ಪುಸ್ತಕಗಳಲ್ಲಿ ಮುಂಗಡ ಬುಕಿಂಗೆಲ್ಲ ಸಾಮಾನ್ಯವಾಗಿ ಮೊದಲ ವಾರದ ಮಾರಾಟಕ್ಕೇ ಸೇರುವುದರಿಂದ ಹೆಚ್ಚು ಮಾರಾಟದ ಪಟ್ಟಿಗೆ ಏರಲು ಅದೇ ಏಣಿ. ಜೊತೆಗೆ, ವಿಮರ್ಶೆಗಳು ಬರುವ ಮೊದಲೇ ಒಂದಷ್ಟು ಮಾರಾಟ ಮುಗಿದಿರುತ್ತದೆ. ಈ ಕೊನೆಯದನ್ನು ಯಾರೂ ಜಾಹೀರಾತಿನಲ್ಲಿ ಹೇಳುವುದಿಲ್ಲ. ನೀವು ಕೊಡುತ್ತಿರುವುದು ಇಷ್ಟೆಲ್ಲ. ಬದಲಿಗೆ ನಿಮಗೇನು ಬರುತ್ತದೆ ಎಂದು ಕೇಳುವ ಹಕ್ಕು ನಿಮಗಿದೆ.

ಮೊದಲು ವಿಡಿಯೋ ಗೇಮ್ ತೆಗೆದುಕೊಳ್ಳೋಣ, ಏಕೆಂದರೆ ಇಲ್ಲಿ ಚಿತ್ರ ತೀರಾ ಸ್ಪಷ್ಟ. ಡೌನ್‌ಲೋಡ್ ಮಾಡಿಕೊಳ್ಳುವ ಗೇಮ್‌ಗೆ ಸ್ಟಾಕ್ ಮುಗಿಯುವ ಮಾತೇ ಇಲ್ಲ. ಬಿಡುಗಡೆಯ ರಾತ್ರಿ ಹನ್ನೆರಡಕ್ಕೂ ಸಿಗುತ್ತದೆ, ಮಾರನೆ ದಿನ ಮಧ್ಯಾಹ್ನಕ್ಕೂ ಸಿಗುತ್ತದೆ. ಹಾಗಾದರೆ ಸರದಿ ಯಾತಕ್ಕೆ? ಕಾರಣವಿಲ್ಲದ ಸರದಿಗೆ ಕಾರಣ ಹುಟ್ಟಿಸಲು ಪ್ರೀ-ಆರ್ಡರ್ ಬೋನಸ್ ಬಂದಿದೆ. ಒಂದು ವಿಶೇಷ ಆಯುಧ, ಒಂದು ವೇಷ, ಒಂದು ಹೆಚ್ಚಿನ ಹಂತ. ಇವನ್ನು ಗೇಮ್ ಜೊತೆಗೇ ಅದೇ ತಂಡ ತಯಾರಿಸಿರುತ್ತದೆ. ಆಮೇಲೆ ಅದನ್ನು ಬೇರ್ಪಡಿಸಿ ಮುಂಗಡ ಕೊಟ್ಟವರಿಗೆ ಬಹುಮಾನ ಎನ್ನುತ್ತಾರೆ. 2015ರಲ್ಲಿ ಡೇಯಸ್ ಎಕ್ಸ್: ಮ್ಯಾನ್‌ಕೈಂಡ್ ಡಿವೈಡೆಡ್ ಎಂಬ ಗೇಮ್‌ನವರು ಇದನ್ನು ಇನ್ನೂ ಒಂದು ಮೆಟ್ಟಿಲು ಮೇಲೆ ಒಯ್ದರು. ಪ್ರೀ-ಆರ್ಡರ್ ಸಂಖ್ಯೆ ಏರಿದಷ್ಟೂ ಹೊಸ ಹೊಸ ಉಡುಗೊರೆ ತೆರೆದುಕೊಳ್ಳುವ ವ್ಯವಸ್ಥೆ, ಅದರಲ್ಲೂ ಇದು ಬೇಕೋ ಅದು ಬೇಕೋ ಎಂಬ ಆಯ್ಕೆ. ಆಟಗಾರರು ಸಿಟ್ಟಿಗೆದ್ದರು. ಘೋಷಿಸಿ ಸುಮಾರು ಒಂದು ತಿಂಗಳಲ್ಲೇ ಕಂಪನಿ ಅದನ್ನು ಕೈಬಿಟ್ಟು, ಪ್ರೀ-ಆರ್ಡರ್ ಮಾಡಿದ ಎಲ್ಲರಿಗೂ ಎಲ್ಲವನ್ನೂ ಕೊಡುವುದಾಗಿ ಹೇಳಿತು.

ಈಗ ಸೈಬರ್‌ಪಂಕ್ 2077 ಎಂಬ ಗೇಮ್. ಹಿಂದಿನ ಸಾಲಿನಲ್ಲಿ ಕೂತ ಒಂದಿಬ್ಬರು ಆಗಲೇ ನಗುತ್ತಿದ್ದೀರಿ, ನೀವೂ ಮುಂಗಡ ಕೊಟ್ಟಿದ್ದಿರಿ ಎಂದು ಕಾಣುತ್ತದೆ. 2020ರ ಡಿಸೆಂಬರ್ 10ರಂದು ಬಿಡುಗಡೆಯಾಗುವ ಹೊತ್ತಿಗೆ ಅದಕ್ಕೆ 80 ಲಕ್ಷ ಪ್ರೀ-ಆರ್ಡರ್ ಬಂದಿತ್ತು. ವಿಮರ್ಶಕರಿಗೆ ಮೊದಲೇ ಕೊಟ್ಟದ್ದು ಪಿಸಿ ಆವೃತ್ತಿ ಮಾತ್ರ. ಅದರಲ್ಲೂ ಮೊದಲ ವಿಮರ್ಶೆಗಳಲ್ಲಿ ತಾವೇ ಆಡಿ ರೆಕಾರ್ಡ್ ಮಾಡಿದ ದೃಶ್ಯ ಬಳಸುವಂತಿರಲಿಲ್ಲ, ಕಂಪನಿ ಕೊಟ್ಟದ್ದನ್ನೇ ಬಳಸಬೇಕಿತ್ತು. ಪಿಎಸ್4 (ಸೋನಿಯ ಪ್ಲೇಸ್ಟೇಷನ್ 4), ಎಕ್ಸ್‌ಬಾಕ್ಸ್ ಒನ್ ಎಂಬ ಕನ್ಸೋಲ್‌ಗಳ, ಅಂದರೆ ಗೇಮ್ ಆಡುವ ಯಂತ್ರಗಳ, ಆವೃತ್ತಿಗಳನ್ನು ಹೊರಗಿನವರು ಸರಿಯಾಗಿ ನೋಡಿದ್ದು ಬಿಡುಗಡೆ ಆದಮೇಲೆ. ಆ ಹಳೆಯ ಕನ್ಸೋಲ್‌ಗಳಲ್ಲಿ ಗೇಮ್ ತಡವರಿಸುತ್ತಿತ್ತು, ಪದೇ ಪದೇ ನಿಂತುಹೋಗುತ್ತಿತ್ತು. ಒಂದು ವಾರ ಕಳೆಯುವಷ್ಟರಲ್ಲಿ ಸೋನಿ ಅದನ್ನು ಪ್ಲೇಸ್ಟೇಷನ್ ಸ್ಟೋರ್‌ನಿಂದಲೇ ತೆಗೆದು, ಕೇಳಿದವರಿಗೆ ಹಣ ಮರಳಿಸಿತು. ಮತ್ತೆ ಅಲ್ಲಿ ಮಾರಾಟಕ್ಕೆ ಬಂದದ್ದು 2021ರ ಜೂನ್‌ನಲ್ಲಿ. 2023ರ ಸೆಪ್ಟೆಂಬರ್‌ನಲ್ಲಿ 2.0 ಅಪ್‌ಡೇಟ್ ಬಂದಮೇಲೆ ಅದೇ ಗೇಮ್ ಚೆನ್ನಾಗಿದೆ ಎಂಬ ಮಾತು ಎಲ್ಲೆಡೆ ಕೇಳಿಬಂತು. ಅಂದರೆ ಕಾದವರಿಗೆ ಒಳ್ಳೆಯ ಗೇಮ್ ಕಡಿಮೆ ಬೆಲೆಗೆ ಸಿಕ್ಕಿತು, ಮುಂಗಡ ಕೊಟ್ಟವರು ಪೂರ್ತಿ ಬೆಲೆ ತೆತ್ತು ಅದರ ಪರೀಕ್ಷೆ ಮಾಡಿಕೊಟ್ಟರು.

ಇದೊಂದೇ ಅಲ್ಲ. 2015ರ ಜೂನ್‌ನಲ್ಲಿ ಬ್ಯಾಟ್‌ಮನ್: ಆರ್ಖಮ್ ನೈಟ್‌ನ ಪಿಸಿ ಆವೃತ್ತಿ ಬಂದ ಎರಡು ದಿನಗಳೊಳಗೆ ಪ್ರಕಾಶಕರೇ ಮಾರಾಟ ನಿಲ್ಲಿಸಿದರು. ಮತ್ತೆ ಶುರುವಾದದ್ದು ಅಕ್ಟೋಬರ್ ಕೊನೆಗೆ.

ಇಲ್ಲಿ ಒಂದು ಗುರುತು ಹೇಳಿಕೊಡುತ್ತೇನೆ, ಉಪಯೋಗಕ್ಕೆ ಬರುತ್ತದೆ. ವಿಮರ್ಶಕರಿಗೆ ವಸ್ತು ಮೊದಲೇ ಕೊಟ್ಟು, "ಇಂಥ ದಿನ, ಇಂಥ ಗಂಟೆಯವರೆಗೆ ಏನೂ ಪ್ರಕಟಿಸಬೇಡಿ" ಎಂದು ಒಪ್ಪಂದ ಮಾಡಿಕೊಳ್ಳುತ್ತಾರೆ. ಅದಕ್ಕೆ ಎಂಬಾರ್ಗೋ ಎನ್ನುತ್ತಾರೆ. ಎಂಬಾರ್ಗೋ ಇರುವುದು ತಪ್ಪಲ್ಲ, ಎಲ್ಲರಿಗೂ ಬರೆಯಲು ಸಮಯ ಸಿಗುತ್ತದೆ. ಅದು ಯಾವಾಗ ಮುಗಿಯುತ್ತದೆ ಎಂಬುದನ್ನು ನೋಡಿ. ಬಿಡುಗಡೆಗೆ ನಾಲ್ಕೈದು ದಿನ ಮೊದಲೇ ಮುಗಿದರೆ ತಯಾರಕರಿಗೆ ತಮ್ಮ ವಸ್ತುವಿನ ಮೇಲೆ ನಂಬಿಕೆ ಇದೆ ಎಂದು ಅರ್ಥ, ನಿಮಗೂ ರದ್ದು ಮಾಡಲು ಸಮಯವಿದೆ. ಬಿಡುಗಡೆಯ ಗಂಟೆಗೇ ಮುಗಿಯುತ್ತದೆ, ಅಥವಾ ನೀವು ಬಳಸುವ ಆವೃತ್ತಿಯನ್ನು ಯಾರಿಗೂ ಕೊಟ್ಟಿಲ್ಲ ಎಂದರೆ ಆರ್ಡರ್ ರದ್ದು ಮಾಡಿ ಒಂದು ವಾರ ಕಾಯುವುದೇ ಮೇಲು. ಅಪವಾದಗಳಿರಬಹುದು. ಆದರೂ ಒಂದು ವಾರ ತಡವಾಗಿ ಆಡಿದರೆ ಕಳೆದುಕೊಳ್ಳುವುದು ಅಷ್ಟೇನೂ ಇಲ್ಲ.

ಡಿಜಿಟಲ್ ವಸ್ತುವಿನಲ್ಲಿ ಹಣ ವಾಪಸಾತಿಯ ನಿಯಮ ಅಂಗಡಿಯಿಂದ ಅಂಗಡಿಗೆ ಬೇರೆ. ಪಿಸಿ ಗೇಮ್‌ಗಳನ್ನು ಮಾರುವ ಸ್ಟೀಮ್ ಎಂಬ ಆನ್‌ಲೈನ್ ಮಳಿಗೆಯಲ್ಲಿ ಬಿಡುಗಡೆಗೆ ಮೊದಲು ಯಾವಾಗ ಬೇಕಾದರೂ ರದ್ದು ಮಾಡಬಹುದು. ಬಿಡುಗಡೆಯಾದ ಮೇಲೂ 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ ಹಣ ವಾಪಸ್. ಆದರೆ ಒಂದು ಕೊಕ್ಕೆ ಇದೆ. ದುಬಾರಿ ಆವೃತ್ತಿ ಕೊಂಡವರಿಗೆ ಬಿಡುಗಡೆಗೆ ಎರಡು-ಮೂರು ದಿನ ಮೊದಲೇ ಆಡಲು ಬಿಡುವ ಪದ್ಧತಿ ಇದೆಯಲ್ಲ, ಆಗ ಆಡಿದ ಸಮಯವೂ ಆ 2 ಗಂಟೆಯ ಲೆಕ್ಕಕ್ಕೆ ಬರುತ್ತದೆ. 2024ರ ಏಪ್ರಿಲ್‌ನಿಂದ ಹೀಗಿದೆ. ಕೆಲವು ಕನ್ಸೋಲ್ ಮಳಿಗೆಗಳಲ್ಲಿ ಡೌನ್‌ಲೋಡ್ ಶುರುವಾದರೆ ಸಾಕು, ವಾಪಸಾತಿಯ ಬಾಗಿಲು ಮುಚ್ಚಿದಂತೆ. ಪ್ರೀ-ಆರ್ಡರ್ ಮಾಡಿದ ಗೇಮ್ ಬಿಡುಗಡೆಗೆ ಒಂದೆರಡು ದಿನ ಮೊದಲೇ ತನ್ನಷ್ಟಕ್ಕೆ ಡೌನ್‌ಲೋಡ್ ಆಗುವಂತೆ ಸೆಟ್ಟಿಂಗ್ ಇರುತ್ತದೆ. ನೀವು ನಿದ್ದೆ ಮಾಡುತ್ತಿರುವಾಗ ಕನ್ಸೋಲ್ ನಿಮ್ಮ ಹಕ್ಕನ್ನು ಬಿಟ್ಟುಕೊಟ್ಟಿರುತ್ತದೆ. ಆದ್ದರಿಂದ ಪ್ರೀ-ಆರ್ಡರ್ ಮಾಡಿದ ದಿನವೇ ಆಟೋ-ಡೌನ್‌ಲೋಡ್ ಆಫ್ ಮಾಡಿ. ಯುರೋಪಿಯನ್ ಒಕ್ಕೂಟದ ಕಾನೂನು ದೂರದಿಂದ ಕೊಂಡ ವಸ್ತುವನ್ನು 14 ದಿನದೊಳಗೆ ಕಾರಣ ಹೇಳದೆ ಮರಳಿಸುವ ಹಕ್ಕು ಕೊಡುತ್ತದೆ. ಅಲ್ಲೂ ಡಿಜಿಟಲ್ ವಸ್ತುವಿನ ಡೌನ್‌ಲೋಡ್‌ಗೆ ನೀವು ಒಪ್ಪಿ, ಅದು ಶುರುವಾದ ಮೇಲೆ ಆ ಹಕ್ಕು ಹೋಗುತ್ತದೆ. ಪಾವತಿ ಮಾಡುವಾಗ ಕೆಳಗೆ ಒಂದು ಚೌಕದಲ್ಲಿ ಟಿಕ್ ಹಾಕಿಸಿಕೊಳ್ಳುತ್ತಾರಲ್ಲ, ಅದು ಬಹುಮಟ್ಟಿಗೆ ಇದಕ್ಕೇ.

ಫೋನು, ಕನ್ಸೋಲ್, ಕ್ಯಾಮೆರಾ ಥರದ ಯಂತ್ರಗಳಿಗೆ ಬಂದರೆ ಲೆಕ್ಕ ಬೇರೆ. ಇಲ್ಲಿ ಸ್ಟಾಕ್ ನಿಜವಾಗಿಯೂ ಸೀಮಿತ. ಕಾರ್ಖಾನೆ ಮೊದಲ ತಿಂಗಳಲ್ಲಿ ಇಂತಿಷ್ಟೇ ತಯಾರಿಸಬಲ್ಲದು. 2020ರ ಕೊನೆಗೆ ಪಿಎಸ್5 ಬಂದಾಗ ಮೊದಲೇ ಬುಕ್ ಮಾಡದವರು ತಿಂಗಳುಗಟ್ಟಲೆ ಅಲೆದರು, ಇಲ್ಲವೇ ಕಾಳಸಂತೆಯಲ್ಲಿ ದುಪ್ಪಟ್ಟು ಕೊಟ್ಟರು. ಇಂಥ ಕಡೆ ಸರದಿಯ ಜಾಗಕ್ಕೆ ಬೆಲೆ ಇದೆ.

ಆದರೆ ಮೊದಲ ತಂಡದ, ಅಂದರೆ ಎಲ್ಲಕ್ಕಿಂತ ಮೊದಲು ತಯಾರಾಗಿ ಬಂದ, ಯಂತ್ರ ಪಡೆಯುವುದಕ್ಕೆ ಅದರದೇ ಆದ ಖರ್ಚುಗಳಿವೆ. ಒಂದು, ತಯಾರಿಕೆಯ ದೋಷ. ಪ್ರಯೋಗಾಲಯದಲ್ಲಿ ನೂರಾರು ಯಂತ್ರ ಪರೀಕ್ಷಿಸಿದರೂ, ಲಕ್ಷಕ್ಕೆ ಕೆಲವು ಬಾರಿ ಮಾತ್ರ ಆಗುವ ದೋಷ ಲಕ್ಷ ಯಂತ್ರ ಜನರ ಕೈಗೆ ಹೋದಮೇಲೇ ಕಾಣುವುದು. ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 7 ಮಾರಾಟಕ್ಕೆ ಬಂದದ್ದು 2016ರ ಆಗಸ್ಟ್ 19ಕ್ಕೆ. ಬ್ಯಾಟರಿ ಹೊತ್ತಿಕೊಂಡ ದೂರುಗಳು ಬಂದು ಸೆಪ್ಟೆಂಬರ್ 2ಕ್ಕೆ ಸುಮಾರು 25 ಲಕ್ಷ ಫೋನುಗಳ ಹಿಂಪಡೆತ ಘೋಷಣೆಯಾಯಿತು. ಬದಲಿಗೆ ಕೊಟ್ಟವೂ ಹೊತ್ತಿಕೊಂಡವು. ಅಕ್ಟೋಬರ್ 11ಕ್ಕೆ ಆ ಮಾದರಿಯೇ ಮುಗಿಯಿತು. ಆಮೇಲಿನ ತನಿಖೆಯಲ್ಲಿ ತಿಳಿದದ್ದು ಕುತೂಹಲಕರ. ಎರಡು ಕಂಪನಿಗಳ ಬ್ಯಾಟರಿ, ಎರಡು ಬೇರೆ ಬೇರೆ ದೋಷ. ಒಂದರಲ್ಲಿ ಮೂಲೆಯಲ್ಲಿ ಜಾಗ ಸಾಲದೆ ಒಳಗಿನ ಪದರ ಬಾಗಿತ್ತು. ಇನ್ನೊಂದರಲ್ಲಿ ವೆಲ್ಡಿಂಗ್ ಮಾಡಿದ ಕಡೆ ಉಳಿದ ಚೂಪು ಒಳಗಿನ ಪದರಕ್ಕೆ ಚುಚ್ಚುತ್ತಿತ್ತು. ಅಂದರೆ ಅವಸರದಲ್ಲಿ ಬದಲಿ ಫೋನು ಪಡೆದವರು ಇನ್ನೊಮ್ಮೆ ಮೊದಲ ತಂಡದ ಗ್ರಾಹಕರಾದರು.

ಎರಡನೆಯದು, ಸದ್ದಿಲ್ಲದ ಸುಧಾರಣೆ. ನಿಂಟೆಂಡೊ ಸ್ವಿಚ್ ಎಂಬ ಕನ್ಸೋಲ್ 2017ರ ಮಾರ್ಚ್‌ನಲ್ಲಿ ಬಂತು. ಬ್ಯಾಟರಿ ಎರಡೂವರೆಯಿಂದ ಆರೂವರೆ ಗಂಟೆ ಬರುತ್ತದೆ ಎಂದಿದ್ದರು. 2019ರಲ್ಲಿ ಒಳಗಿನ ಚಿಪ್ ಬದಲಿಸಿದ ಪರಿಷ್ಕೃತ ಮಾದರಿ ಬಂದಾಗ ಅದು ನಾಲ್ಕೂವರೆಯಿಂದ ಒಂಬತ್ತು ಗಂಟೆಯಾಯಿತು. ಬೆಲೆ ಅಷ್ಟೇ, ಹೊರಗಿನ ರೂಪವೂ ಅದೇ. ಎರಡು ವರ್ಷ ಯಾರೂ ಕಾಯಬೇಕಿಲ್ಲ ಬಿಡಿ, ಅಷ್ಟು ಕಾಯುವುದಾದರೆ ಏನನ್ನೂ ಕೊಳ್ಳುವಂತಿಲ್ಲ. ಆದರೆ ನಿಮಗೆ ಅವಸರವಿಲ್ಲದ ವಸ್ತುವಾದರೆ, ಮೊದಲ ತಂಡ ಎಂಬುದು ಹೆಮ್ಮೆಪಡುವ ವಿಷಯವೇನಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಮೂರನೆಯದು ಬೆಲೆ. ಬಿಡುಗಡೆಯ ದಿನದ ಬೆಲೆ ಸಾಮಾನ್ಯವಾಗಿ ಆ ವಸ್ತುವಿನ ಜೀವನದಲ್ಲೇ ಅತಿ ಹೆಚ್ಚಿನದು. ಮೊದಲ ಐಫೋನ್ 2007ರ ಜೂನ್ 29ಕ್ಕೆ 599 ಡಾಲರ್‌ಗೆ ಬಂತು. ಸೆಪ್ಟೆಂಬರ್ 5ಕ್ಕೆ ಅದೇ ಫೋನು 399 ಡಾಲರ್. ಗದ್ದಲವಾದ ಮೇಲೆ ಆ್ಯಪಲ್ ಮೊದಲು ಕೊಂಡವರಿಗೆ 100 ಡಾಲರ್‌ನ ಕ್ರೆಡಿಟ್ ಕೊಟ್ಟಿತು, ಅದೂ ತನ್ನ ಅಂಗಡಿಯಲ್ಲೇ ಖರ್ಚು ಮಾಡಲು. ನಿಂಟೆಂಡೊ 3ಡಿಎಸ್ ಎಂಬ ಕನ್ಸೋಲ್ 2011ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ 249.99 ಡಾಲರ್, ಆಗಸ್ಟ್‌ನಲ್ಲಿ 169.99. ಅವರು ಮೊದಲ ಗ್ರಾಹಕರಿಗೆ 20 ಹಳೆಯ ಗೇಮ್‌ಗಳನ್ನು ಉಚಿತವಾಗಿ ಕೊಟ್ಟು ಸಮಾಧಾನ ಮಾಡಿದರು. ಎರಡೂ ಕಡೆ ಕಂಪನಿ ಮನಸ್ಸು ಮಾಡಿತು, ಕೊಟ್ಟಿತು. ಕೊಡದಿದ್ದರೆ ಕೇಳುವ ದಾರಿ ಗ್ರಾಹಕರಿಗೆ ಇರಲಿಲ್ಲ.

ಬೆಲೆ ಮೇಲಕ್ಕೂ ಹೋಗಬಹುದಲ್ಲ, ಆಗ ಮುಂಗಡ ಕೊಟ್ಟವರೇ ಜಾಣರಲ್ಲವೇ ಎಂದು ನೀವು ಕೇಳಬಹುದು. ಅದಕ್ಕೆ ವಾಹನಗಳ ಉದಾಹರಣೆಯೇ ಸರಿ, ಏಕೆಂದರೆ ಇಲ್ಲಿ ಠೇವಣಿ ಕೊಟ್ಟು ವರ್ಷಗಟ್ಟಲೆ ಕಾಯುತ್ತಾರೆ.

ಟೆಸ್ಲಾ ಕಂಪನಿ ತನ್ನ ಸೈಬರ್‌ಟ್ರಕ್ ಎಂಬ ವಿದ್ಯುತ್ ಪಿಕಪ್ ಅನ್ನು 2019ರ ನವೆಂಬರ್‌ನಲ್ಲಿ ತೋರಿಸಿದಾಗ ಅತಿ ಅಗ್ಗದ ಮಾದರಿಗೆ 39,900 ಡಾಲರ್ ಎಂದರು. ಠೇವಣಿ 100 ಡಾಲರ್, ಬೇಡವೆಂದರೆ ವಾಪಸ್. ಮೊದಲ ವಾಹನಗಳು ಗ್ರಾಹಕರಿಗೆ ಸಿಕ್ಕಿದ್ದು 2023ರ ನವೆಂಬರ್ 30ಕ್ಕೆ. ಅಂದು ಪ್ರಕಟವಾದ ಅತಿ ಅಗ್ಗದ ಬೆಲೆ 60,990 ಡಾಲರ್. ಠೇವಣಿ ಕಟ್ಟಿದ್ದವರಿಗೂ ಅದೇ ಬೆಲೆ. ಅವರು ಕಟ್ಟಿದ್ದು ಸರದಿಗೆ, ಬೆಲೆಗೆ ಅಲ್ಲ. ರಿವಿಯನ್ ಎಂಬ ಇನ್ನೊಂದು ಕಂಪನಿ 2022ರ ಮಾರ್ಚ್ 1ರಂದು ತನ್ನ ಆರ್1ಟಿ ಪಿಕಪ್‌ನ ಬೆಲೆಯನ್ನು 67,500ರಿಂದ 79,500 ಡಾಲರ್‌ಗೆ ಏರಿಸಿ, ಆಗಲೇ ಬುಕ್ ಮಾಡಿದ್ದವರಿಗೂ ಅದನ್ನೇ ಹಚ್ಚಿತು. ಜನ ರದ್ದು ಮಾಡತೊಡಗಿದರು. ಎರಡೇ ದಿನದಲ್ಲಿ ಮುಖ್ಯಸ್ಥರು ಕ್ಷಮೆ ಕೇಳಿ ಹಳೆಯ ಬುಕಿಂಗ್‌ಗೆ ಹಳೆಯ ಬೆಲೆ ಎಂದರು. ರದ್ದು ಮಾಡುವುದು ಸುಲಭವಾಗಿದ್ದದ್ದರಿಂದಲೇ ಅಲ್ಲಿ ಗ್ರಾಹಕರ ಕೈ ಮೇಲಾಯಿತು ಎಂಬುದನ್ನು ಗಮನಿಸಿ.

ಕಾಯುವುದಕ್ಕೂ ಬೆಲೆ ಇದೆ. ಟೆಸ್ಲಾ ಮಾಡೆಲ್ 3 ಕಾರಿಗೆ 2016ರ ಮಾರ್ಚ್ 31ರಿಂದ 1,000 ಡಾಲರ್ ಠೇವಣಿ ಪಡೆದರು, ಒಂದು ವಾರದಲ್ಲಿ 3,25,000 ಬುಕಿಂಗ್. ಎಲ್ಲರ ಕಣ್ಣಿದ್ದದ್ದು 35,000 ಡಾಲರ್‌ನ ಮಾದರಿಯ ಮೇಲೆ. ಮೊದಲು ತಯಾರಾದದ್ದು ದುಬಾರಿ ಮಾದರಿಗಳು. 35,000ದ್ದು ಆರ್ಡರ್‌ಗೆ ತೆರೆದದ್ದು 2019ರ ಫೆಬ್ರವರಿ ಕೊನೆಗೆ. ಅಷ್ಟರಲ್ಲಿ ಅಮೆರಿಕ ಸರ್ಕಾರ ವಿದ್ಯುತ್ ವಾಹನಕ್ಕೆ ಕೊಡುತ್ತಿದ್ದ 7,500 ಡಾಲರ್ ತೆರಿಗೆ ರಿಯಾಯಿತಿ, ಟೆಸ್ಲಾ ಗ್ರಾಹಕರ ಪಾಲಿಗೆ ಆ ವರ್ಷದ ಜನವರಿಯಿಂದ ಅರ್ಧಕ್ಕೆ ಇಳಿದಿತ್ತು. ಸರದಿಯಲ್ಲಿ ಮುಂದಿದ್ದೂ ಅಗ್ಗದ ಮಾದರಿಗೇ ಕಾದವರು 3,750 ಡಾಲರ್ ಕಳೆದುಕೊಂಡರು. ಸರದಿ ಸಂಖ್ಯೆ ಎಲ್ಲ ಮಾದರಿಗೂ ಒಂದೇ ಅಲ್ಲ ಎಂಬುದನ್ನು ಬುಕ್ ಮಾಡುವಾಗಲೇ ಕೇಳಿ ತಿಳಿಯಬೇಕು. "ನಾನು ಆರಿಸಿರುವ ಈ ಮಾದರಿ, ಈ ಬಣ್ಣ ಯಾವ ತಿಂಗಳು ತಯಾರಾಗುತ್ತದೆ?" ಎಂದು ನೇರವಾಗಿ ಕೇಳಿ, ಉತ್ತರವನ್ನು ಇಮೇಲಿನಲ್ಲಿ ಪಡೆಯಿರಿ.

ಠೇವಣಿಯ ಬಗ್ಗೆ ಇನ್ನೊಂದು ಮಾತು, ಸ್ವಲ್ಪ ಕಹಿ. ಕಂಪನಿ ದಿವಾಳಿಯಾದರೆ ನಿಮ್ಮ ಠೇವಣಿ ಎಲ್ಲಿ ಹೋಗುತ್ತದೆ? ಬ್ಯಾಂಕುಗಳು ಕಾರ್ಖಾನೆ, ಯಂತ್ರಗಳನ್ನು ಅಡವಿಟ್ಟುಕೊಂಡು ಸಾಲ ಕೊಟ್ಟಿರುತ್ತವೆ. ನೀವು ಏನನ್ನೂ ಅಡವಿಟ್ಟುಕೊಳ್ಳದೆ ಕೊಟ್ಟವರು. ಆಸ್ತಿ ಮಾರಿ ಬಂದ ಹಣದಲ್ಲಿ ಬ್ಯಾಂಕುಗಳ ಪಾಲು ಮೊದಲು. ನಿಮ್ಮ ಪಾಳಿ ಬರುವ ಹೊತ್ತಿಗೆ ಉಳಿಯುವುದು ಅಷ್ಟಕ್ಕಷ್ಟೇ. ಕೆಲವರು ಠೇವಣಿಯನ್ನು ಬೇರೆಯೇ ಖಾತೆಯಲ್ಲಿ ಇಡುತ್ತಾರೆ, ಆಗ ಪರಿಸ್ಥಿತಿ ಉತ್ತಮ. ಕರಾರಿನಲ್ಲಿ ಆ ಮಾತು ಇಲ್ಲದಿದ್ದರೆ ಹಾಗೆ ಇಟ್ಟಿಲ್ಲ ಎಂದೇ ತಿಳಿಯಿರಿ.

ಕ್ರೌಡ್‌ಫಂಡಿಂಗ್ ವಿಷಯ ಹೇಳುತ್ತೇನೆ ಎಂದಿದ್ದೆ. ತಾನು ಅಂಗಡಿಯಲ್ಲ ಎಂದು ಕಿಕ್‌ಸ್ಟಾರ್ಟರ್ ಎಂಬ ಕ್ರೌಡ್‌ಫಂಡಿಂಗ್ ಜಾಲತಾಣ 2012ರಲ್ಲೇ ಬಹಿರಂಗವಾಗಿ ಹೇಳಿತು. ಆದರೂ ಜನ ಅಂಗಡಿ ಎಂದೇ ನೋಡುತ್ತಾರೆ. 2014ರಲ್ಲಿ ಕೂಲೆಸ್ಟ್ ಕೂಲರ್ ಎಂಬ, ಮಿಕ್ಸರ್ ಮತ್ತು ಸ್ಪೀಕರ್ ಇರುವ ಒಂದು ಐಸ್ ಪೆಟ್ಟಿಗೆಗೆ 62,000ಕ್ಕೂ ಹೆಚ್ಚು ಜನ 1.3 ಕೋಟಿ ಡಾಲರ್ ಕೊಟ್ಟರು. ತಯಾರಿಕೆಯ ಖರ್ಚು ಅಂದಾಜು ಮೀರಿತು, ಜನ ಕೊಟ್ಟ ಹಣ ಸಾಲಲಿಲ್ಲ. ಹಣ ಕೊಟ್ಟವರೇ ಕಾಯುತ್ತಿರುವಾಗ, ಕಂಪನಿ ನಡೆಸಲು ಹಣ ಬೇಕೆಂದು ಅದೇ ಪೆಟ್ಟಿಗೆಯನ್ನು ಅಮೆಜಾನ್‌ನಲ್ಲಿ ಹೊಸ ಗ್ರಾಹಕರಿಗೆ ಮಾರಿದರು. 2019ರ ಡಿಸೆಂಬರ್‌ನಲ್ಲಿ ಕಂಪನಿ ಮುಚ್ಚಿದಾಗ ಸುಮಾರು 20,000 ಜನರಿಗೆ ಪೆಟ್ಟಿಗೆ ಬಂದಿರಲಿಲ್ಲ. ಇಂಥದ್ದಕ್ಕೆ ಹಣ ಕೊಡಬೇಡಿ ಎನ್ನುವುದಿಲ್ಲ. ಹೋದರೂ ಚಿಂತೆಯಿಲ್ಲ ಎನ್ನುವಷ್ಟು ಮಾತ್ರ ಕೊಡಿ. ಕೊಡುವ ಮೊದಲು ಕೆಲಸ ಮಾಡುವ ಮಾದರಿಯ ವಿಡಿಯೋ ಇದೆಯೇ, ಇಲ್ಲ ಕಂಪ್ಯೂಟರ್ ಚಿತ್ರಗಳಷ್ಟೇ ಇವೆಯೇ ನೋಡಿ. ಆ ತಂಡ ಹಿಂದೆ ಏನನ್ನಾದರೂ ತಯಾರಿಸಿ ತಲುಪಿಸಿದೆಯೇ ನೋಡಿ.

ಕಂಪನಿಯ ಸರ್ವರ್ ಇಲ್ಲದೆ ಕೆಲಸ ಮಾಡದ ಯಂತ್ರಗಳಿಗೂ ಇದೇ ಎಚ್ಚರ ಬೇಕು. ಹ್ಯೂಮೇನ್ ಎಐ ಪಿನ್ ಎಂಬ ಉಡುಪಿಗೆ ಸಿಕ್ಕಿಸಿಕೊಳ್ಳುವ ಸಾಧನಕ್ಕೆ 2023ರ ನವೆಂಬರ್‌ನಲ್ಲಿ ಬುಕಿಂಗ್ ಶುರುವಾಯಿತು. 699 ಡಾಲರ್, ಮೇಲೆ ತಿಂಗಳಿಗೆ 24 ಡಾಲರ್. ಜನರ ಕೈಸೇರಿದ್ದು 2024ರ ಏಪ್ರಿಲ್‌ನಲ್ಲಿ, ವಿಮರ್ಶೆಗಳು ಕಟುವಾಗಿದ್ದವು. 2025ರ ಫೆಬ್ರವರಿ 28ಕ್ಕೆ ಸರ್ವರ್ ನಿಲ್ಲಿಸಿದರು. ಹಣ ವಾಪಸಾದದ್ದು ಕೊನೆಯ 90 ದಿನಗಳಲ್ಲಿ ಪಡೆದವರಿಗೆ ಮಾತ್ರ. ಎಲ್ಲರಿಗಿಂತ ಮೊದಲು ನಂಬಿ ಕೊಟ್ಟವರಿಗೆ ಏನೂ ಇಲ್ಲ.

ಹಾಗಾದರೆ ಯಾವಾಗ ಮಾಡಬಹುದು? ಸ್ಟಾಕ್ ನಿಜವಾಗಿ ಸೀಮಿತವಾಗಿದ್ದಾಗ, ವಸ್ತು ಕಳುಹಿಸುವ ದಿನ ಮಾತ್ರ ಹಣ ಹೋಗುವಾಗ, ರದ್ದತಿ ಉಚಿತವಾದಾಗ, ಸಂಕೋಚವಿಲ್ಲದೆ ಮಾಡಿ. ಕೆಲವು ಮಳಿಗೆಗಳು ಬೆಲೆ ಖಾತ್ರಿ ಕೊಡುತ್ತವೆ: ಬುಕ್ ಮಾಡಿದ ದಿನದಿಂದ ಬಿಡುಗಡೆಯವರೆಗೆ ಬೆಲೆ ಎಲ್ಲಿಗೆ ಇಳಿದಿತ್ತೋ ಆ ಕನಿಷ್ಠ ಬೆಲೆಯನ್ನೇ ಹಚ್ಚುತ್ತಾರೆ. ಪುಸ್ತಕ, ಡಿಸ್ಕ್‌ಗಳಲ್ಲಿ ಇದು ಹೆಚ್ಚು. ಅಂಥ ಕಡೆ ನೀವು ಕಳೆದುಕೊಳ್ಳುವುದು ಏನೂ ಇಲ್ಲ. ಫೋನಿನಲ್ಲಿ ಹಳೆಯದಕ್ಕೆ ಎಕ್ಸ್‌ಚೇಂಜ್ ಮೌಲ್ಯ ಹೆಚ್ಚಿಸಿ ಕೊಡುವ ಕೊಡುಗೆ ಬರುತ್ತದೆ. ಅದನ್ನು ಮಾತ್ರ ಲೆಕ್ಕ ಹಾಕಿ ನೋಡಿ. ಹಳೆಯ ಫೋನನ್ನು ಹೊರಗೆ ಮಾರಿದರೆ ಬರುವ ಹಣ, ಹೊಸದಕ್ಕೆ ಎರಡು-ಮೂರು ತಿಂಗಳ ನಂತರ ಸಿಗಬಹುದಾದ ರಿಯಾಯಿತಿ, ಇವೆರಡನ್ನು ಕೂಡಿಸಿ ಪ್ರೀ-ಆರ್ಡರ್ ಕೊಡುಗೆಯ ಪಕ್ಕ ಇಡಿ. ಬಹಳ ಸಲ ಇಯರ್‌ಫೋನ್, ಕವರ್ ಎಂದು ಕೊಡುವ ಉಡುಗೊರೆಗೆ ಅವರು ಬರೆದ ಬೆಲೆ ಒಂದು, ಮಾರುಕಟ್ಟೆಯಲ್ಲಿ ಅದು ಸಿಗುವ ಬೆಲೆ ಇನ್ನೊಂದು. ನೀವು ಹೇಗೂ ಕೊಳ್ಳಲಿದ್ದ ಉಡುಗೊರೆಯಾದರೆ ಮಾತ್ರ ಲೆಕ್ಕಕ್ಕೆ ಸೇರಿಸಿ.

ಮಾಡಲೇಬೇಕು ಎಂದು ನಿರ್ಧರಿಸಿದಿರಿ ಅನ್ನಿ. ಆರ್ಡರ್ ಪುಟದಲ್ಲಿ ಮೂರು ವಾಕ್ಯ ಹುಡುಕಿ: ಹಣ ಯಾವಾಗ ಕಡಿತವಾಗುತ್ತದೆ, ಯಾವ ಕ್ಷಣದವರೆಗೆ ರದ್ದು ಮಾಡಬಹುದು, ಡೆಲಿವರಿ ದಿನಾಂಕ ಖಚಿತವೋ ಅಂದಾಜೋ. ಮೂರನ್ನೂ ಸ್ಕ್ರೀನ್‌ಶಾಟ್ ತೆಗೆದಿಡಿ. ಪುಟಗಳು ಬದಲಾಗುತ್ತವೆ, ಆಮೇಲೆ ವಾದಿಸಲು ನಿಮ್ಮ ಬಳಿ ಏನೂ ಇರುವುದಿಲ್ಲ. ರದ್ದತಿ "ಕಳುಹಿಸುವವರೆಗೆ" ಎಂದು ಬರೆದಿದ್ದರೂ, ಆರ್ಡರ್ "ಪ್ಯಾಕಿಂಗ್ ನಡೆಯುತ್ತಿದೆ" ಎಂಬ ಹಂತಕ್ಕೆ ಹೋದರೆ ರದ್ದತಿ ಬಟನ್ ಮಾಯವಾಗುವುದುಂಟು. ಅದು ಬಿಡುಗಡೆಗೆ ಎರಡು-ಮೂರು ದಿನ ಮೊದಲೇ ಆಗಬಹುದು. ಹಾಗಾಗಿ ಬಿಡುಗಡೆಗೆ ನಾಲ್ಕು ದಿನ ಮೊದಲು ಫೋನಿನಲ್ಲಿ ಒಂದು ಜ್ಞಾಪನೆ ಇಟ್ಟುಕೊಳ್ಳಿ. ಅಂದು ವಿಮರ್ಶೆ ಓದಿ, ಇಟ್ಟುಕೊಳ್ಳುವುದೋ ಬಿಡುವುದೋ ನಿರ್ಧರಿಸಿ. ನಿಜವಾದ ಖರೀದಿ ತೀರ್ಮಾನ ಆಗಬೇಕಾದದ್ದು ಆ ದಿನ.

ಕಾರ್ಡಿನ ವಿಷಯದಲ್ಲಿ ಎರಡು ತೊಡಕು ಸಾಮಾನ್ಯ. ಕಳುಹಿಸುವಾಗ ಹಣ ಪಡೆಯುವ ಮಳಿಗೆಗಳು ಆರ್ಡರ್ ದಿನ ಕಾರ್ಡ್ ಸರಿಯಿದೆಯೇ ಎಂದು ನೋಡಲು ಒಂದಿಷ್ಟು ಮೊತ್ತವನ್ನು, ಕೆಲವೊಮ್ಮೆ ಪೂರ್ತಿ ಮೊತ್ತವನ್ನೇ, ತಡೆಹಿಡಿಯುತ್ತವೆ. ಕೆಲವು ದಿನಗಳಲ್ಲಿ ಅದು ಬಿಟ್ಟುಹೋಗುತ್ತದೆ, ಕಳುಹಿಸುವ ಹೊತ್ತಿಗೆ ಮತ್ತೆ ಹಿಡಿಯುತ್ತವೆ. ಕ್ರೆಡಿಟ್ ಕಾರ್ಡಿನಲ್ಲಿ ಇದು ನಿಮಗೆ ತಟ್ಟುವುದಿಲ್ಲ, ಡೆಬಿಟ್ ಕಾರ್ಡಿನಲ್ಲಿ ನಿಮ್ಮ ಖಾತೆಯ ಹಣವೇ ಅಷ್ಟು ದಿನ ಕೈಗೆ ಸಿಗದು. ಇನ್ನೊಂದು, ಆರು ತಿಂಗಳ ಹಿಂದೆ ಕೊಟ್ಟ ಕಾರ್ಡಿನ ಅವಧಿ ಅಷ್ಟರಲ್ಲಿ ಮುಗಿದಿರುತ್ತದೆ. ಹಣ ಕಡಿತವಾಗದೆ ಆರ್ಡರ್ ತಾನಾಗಿ ರದ್ದಾಗಿ, ಕಾದ ಸರದಿ ಕೈತಪ್ಪುತ್ತದೆ. ಸೂಚನೆಯ ಇಮೇಲ್ ಬಂದಿರುತ್ತದೆ, ಸ್ಪ್ಯಾಮ್‌ನಲ್ಲಿ ಬಿದ್ದಿರುತ್ತದೆ. ಹೊಸ ಕಾರ್ಡ್ ಬಂದ ದಿನವೇ ಬಾಕಿ ಆರ್ಡರ್‌ಗಳಲ್ಲಿ ಅದನ್ನು ಬದಲಿಸಿ.

ಪೂರ್ತಿ ಹಣ ಮೊದಲೇ ಕೊಡಬೇಕಾದರೆ ಬ್ಯಾಂಕ್ ವರ್ಗಾವಣೆ, ಗಿಫ್ಟ್ ಕಾರ್ಡ್ ಬೇಡ, ಕಾರ್ಡಿನಲ್ಲೇ ಕೊಡಿ. ವಸ್ತು ಬರದಿದ್ದರೆ ನಿಮ್ಮ ಬ್ಯಾಂಕಿನ ಮೂಲಕ ಹಣ ವಾಪಸ್ ಕೇಳುವ ದಾರಿ, ಅಂದರೆ ಚಾರ್ಜ್‌ಬ್ಯಾಕ್, ಕಾರ್ಡಿಗಿದೆ. ಅದಕ್ಕೆ ಗಡುವು ಸಾಮಾನ್ಯವಾಗಿ 120 ದಿನ. ಪ್ರೀ-ಆರ್ಡರ್‌ನಲ್ಲಿ ಹೇಳಿದ ಡೆಲಿವರಿ ದಿನಾಂಕದಿಂದ ಎಣಿಸುತ್ತಾರೆ, ಆದರೆ ಹಣ ಕೊಟ್ಟ ದಿನದಿಂದ ಎಣಿಸುವ ಒಂದು ಗರಿಷ್ಠ ಮಿತಿಯೂ ಇರುತ್ತದೆ. ಡೆಲಿವರಿಯನ್ನು ತಿಂಗಳು ತಿಂಗಳು ಮುಂದೂಡುತ್ತಾ ಹೋಗುವವರ ಜೊತೆ ಸುಮ್ಮನೆ ಕಾಯುತ್ತಾ ಕೂತರೆ ಆ ಮಿತಿ ದಾಟಿಬಿಡುತ್ತದೆ. ದಿನಾಂಕ ಮೊದಲ ಸಲ ತಪ್ಪಿದಾಗಲೇ ಬ್ಯಾಂಕಿಗೆ ಫೋನ್ ಮಾಡಿ ನಿಮ್ಮ ಕೊನೆಯ ದಿನ ಯಾವುದು ಎಂದು ಕೇಳಿಟ್ಟುಕೊಳ್ಳಿ.

ದಿನಾಂಕ ತಪ್ಪಿದಾಗ ಏನಾಗಬೇಕು ಎಂಬುದಕ್ಕೆ ಒಂದು ಒಳ್ಳೆಯ ಮಾದರಿ ಇದೆ. ಅಮೆರಿಕದ ನಿಯಮದಂತೆ, ಹೇಳಿದ ದಿನಕ್ಕೆ ಕಳುಹಿಸಲಾಗದ ಮಾರಾಟಗಾರ ಗ್ರಾಹಕನಿಗೆ ತಿಳಿಸಿ, ಕಾಯುತ್ತೀರೋ ಹಣ ವಾಪಸ್ ಬೇಕೋ ಎಂದು ಕೇಳಬೇಕು. 2019ರಲ್ಲಿ ಸ್ಯಾಮ್‌ಸಂಗ್‌ನ ಮಡಚುವ ಫೋನು ಗ್ಯಾಲಕ್ಸಿ ಫೋಲ್ಡ್‌ನ ಪರದೆ ವಿಮರ್ಶಕರ ಕೈಯಲ್ಲೇ ಕೆಟ್ಟು, ಏಪ್ರಿಲ್ 26ರ ಬಿಡುಗಡೆ ಮುಂದಕ್ಕೆ ಹೋಯಿತು. ಆಗ ಅಲ್ಲಿನ ಗ್ರಾಹಕರಿಗೆ ಬಂದ ಇಮೇಲಿನಲ್ಲಿ, ಮೇ 31ರೊಳಗೆ ನೀವು ಖಚಿತಪಡಿಸದಿದ್ದರೆ ಆರ್ಡರ್ ತಾನಾಗಿ ರದ್ದು ಎಂದಿತ್ತು. ಸುಮ್ಮನಿದ್ದರೆ ಹಣ ನಿಮ್ಮ ಕಡೆಗೇ ಬರುವ ಕರಾರು ಇದು. ಹೆಚ್ಚಿನ ಕಡೆ ಇದಕ್ಕೆ ಉಲ್ಟಾ: ನೀವು ಸುಮ್ಮನಿದ್ದರೆ ಕಾಯಲು ಒಪ್ಪಿದಿರಿ ಎಂದೇ ಅರ್ಥ.

ಮುಂದೆ ಕೂತಿರುವವರು ಒಂದು ಚೀಟಿ ಕಳಿಸಿದ್ದಾರೆ. "ಸಣ್ಣ ಪ್ರಕಾಶಕರು, ಒಬ್ಬರೇ ಕೂತು ಗೇಮ್ ಮಾಡುವವರು, ಇವರಿಗೂ ಇಷ್ಟೆಲ್ಲ ಅನುಮಾನವೇ?" ಎಂದು. ನ್ಯಾಯವಾದ ಪ್ರಶ್ನೆ. ಒಂದು ಸಣ್ಣ ಪ್ರಕಾಶನಕ್ಕೆ ಇನ್ನೂರು ಮುಂಗಡ ಬಂದರೆ ಎಷ್ಟು ಪ್ರತಿ ಅಚ್ಚು ಹಾಕಿಸಬೇಕು ಎಂಬ ಪ್ರಶ್ನೆಗೆ ಉತ್ತರ ಸಿಗುತ್ತದೆ, ಕಾಗದದ ಹಣ ಕೈಗೆ ಬರುತ್ತದೆ. ಅಲ್ಲಿ ನೀವು ಕೊಡುವುದು ಅರ್ಧ ಖರೀದಿ, ಅರ್ಧ ಬೆಂಬಲ. ಬೆಂಬಲ ಎಂದು ತಿಳಿದು ಕೊಟ್ಟರೆ ತಕರಾರಿಲ್ಲ, ನಾನಾದರೂ ಕೊಡಿ ಎಂದೇ ಹೇಳುತ್ತೇನೆ. ಪುಸ್ತಕದ ಅಪಾಯವೂ ಕಡಿಮೆ: ಹಣ ಸಣ್ಣದು, ಲೇಖಕರ ಹಿಂದಿನ ಬರಹ ಓದಿರುತ್ತೀರಿ, ಪುಸ್ತಕಕ್ಕೆ ಬೆಂಕಿ ಹತ್ತುವ ಬ್ಯಾಟರಿಯಿಲ್ಲ. ಲಕ್ಷಾಂತರ ಪ್ರತಿ ಮಾರುವ ಸಂಸ್ಥೆಗೆ ಅದೇ ಔದಾರ್ಯ ತೋರಿಸಬೇಕಿಲ್ಲ.

ಅದೇ ಚೀಟಿಯ ಹಿಂದೆ ಇನ್ನೊಂದು ಪ್ರಶ್ನೆ ಇದೆ: ಕೊರತೆಯಿರುವ ವಸ್ತುವನ್ನು ಎರಡು-ಮೂರು ಮಳಿಗೆಗಳಲ್ಲಿ ಬುಕ್ ಮಾಡಿ, ಮೊದಲು ಬಂದದ್ದನ್ನು ಇಟ್ಟುಕೊಳ್ಳಬಹುದೇ? ಉಚಿತ ರದ್ದತಿ ಇರುವ ಕಡೆ ಮಾಡಬಹುದು, ಬಹಳ ಜನ ಮಾಡುತ್ತಾರೆ. ಒಂದು ಕಳುಹಿಸಿದ ಸೂಚನೆ ಬಂದ ಕ್ಷಣವೇ ಉಳಿದವನ್ನು ರದ್ದು ಮಾಡಿ. ಒಂದೆರಡು ದಿನ ಬಿಟ್ಟರೆ ಅವೂ ಪ್ಯಾಕಿಂಗ್ ಹಂತಕ್ಕೆ ಹೋಗಿ, ಮೂರು ಪೆಟ್ಟಿಗೆ ಬಾಗಿಲಿಗೆ ಬರುತ್ತವೆ. ಹಾಗೆ ಬಂದರೆ ಬೇಡದ್ದರ ಸೀಲ್ ಒಡೆಯಬೇಡಿ. ಸೀಲ್ ಒಡೆದ ಪೆಟ್ಟಿಗೆಗೆ ಅನೇಕ ಮಳಿಗೆಗಳು ಶುಲ್ಕ ಕಡಿದುಕೊಂಡು ಹಣ ಕೊಡುತ್ತವೆ, ಕೆಲವು ವಾಪಸ್ ತೆಗೆದುಕೊಳ್ಳುವುದೇ ಇಲ್ಲ.